ಮೊದಲ ಎಲೆಯವನ ಮೊಣಕಾಲು

ಏಪ್ರಿಲ್ ೨೨

ನೋವು: ಹತ್ತಕ್ಕೆ ಹನ್ನೊಂದು.

ಸೊಸೈಟಿಯವರು ವರ್ಷ ವರ್ಷ ಕೊಡುವ ಡೈರಿ ಇದು. ಇಷ್ಟು ದಿನ ಕುಂಟು ಕಪಾಟಿನ ಕಾಲಡಿಗೆ ಇತ್ತು. ಇವತ್ತು ಎಳೆದು ತೆಗೆದೆ. ಕಪಾಟು ವಾಲಿತು. ವಾಲಲಿ. ಹೆಂಡತಿ ಸುಗುಣಾಳ ಅಣ್ಣನ ಮಗಳು ಯಾಮಿನಿ ಬ್ರಹ್ಮಾವರದಲ್ಲಿ ಫಿಸಿಯೋಥೆರಪಿ ಮಾಡಿಸುವವಳು. ಅವಳ ಅಪ್ಪಣೆ: "ಮಾವ, ದಿನಾ ನೋವು ಹತ್ತಕ್ಕೆ ಎಷ್ಟಿತ್ತ್ ಅಂದ್ ಬರೀಕ್." ಆರನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಅರವತ್ತೊಂಬತ್ತಕ್ಕೆ ಮನೆಪಾಠ. ನಂಬರು ಮಾತ್ರ ಅವಳಿಗೆ ಫೋನಿನಲ್ಲಿ ಹೇಳುತ್ತೇನೆ. ಉಳಿದದ್ದು ನನ್ನದು. ಯಾರೂ ಓದಬೇಕಾಗಿಲ್ಲ.

ನಿನ್ನೆ ಕೋಟದ ಮೂಲಮನೆಯಲ್ಲಿ ಕುಟುಂಬದ ಸಮಾರಾಧನೆ. ನಲವತ್ತೈದು ವರ್ಷ ಆ ಅಡುಗೆ ನನ್ನದು. ಎಲ್ಲರೂ ಉಂಡು, ವೀಳ್ಯ ಜಗಿದು, ಚಪ್ಪಲಿ ಹುಡುಕಿ ಮನೆಗೆ ಹೋದ ಮೇಲೆ ಕೊಪ್ಪರಿಗೆಯ ತಳ ಕೆರೆದು ಉಂಡವ ನಾನು. ಎರಡು ವರ್ಷದ ಹಿಂದೆ ಸೌಟು ಕೆಳಗಿಟ್ಟೆ. ಕಳೆದ ಮಳೆಗಾಲದಲ್ಲಿ ದೊಡ್ಡಣ್ಣಯ್ಯ ತೀರಿಕೊಂಡರು. ಈಗ ಕುಟುಂಬಕ್ಕೆ ಹಿರಿಯ ನಾನು. ಹಿರಿಯನಿಗೆ ಪಂಕ್ತಿಯ ಮೊದಲನೇ ಎಲೆ. ಅವನು 'ಗೋವಿಂದ' ಹೇಳದೆ ಯಾರೂ ತುತ್ತು ಎತ್ತುವಂತಿಲ್ಲ. ಅವನು ಏಳದೆ ಯಾರೂ ಏಳುವಂತಿಲ್ಲ. ನಾನು ಹುಟ್ಟಿದಾರಭ್ಯ ಕಾದದ್ದು ಇದಕ್ಕೆ.

ಕೂತೆ. ಗೋವಿಂದ ಹೇಳಿದೆ. ಉಂಡೆ. ಮಜ್ಜಿಗೆ ಕುಡಿದೆ. ಏಳಲು ಹೊರಟರೆ ಬಲ ಮೊಣಕಾಲು ಒಳಗಿನಿಂದ ಚಿಲಕ ಹಾಕಿಕೊಂಡಿದೆ.

ನೂರಿಪ್ಪತ್ತು ಜನ ಕೈ ಒಣಗಿಸಿಕೊಂಡು ನನ್ನನ್ನೇ ನೋಡುತ್ತಿದ್ದಾರೆ. ಕಾಲು ಏಳುವುದಿಲ್ಲ ಅಂತ ಹೇಳಲು ಬಾಯಿ ಬರಲಿಲ್ಲ. ಬಡಿಸುವವ ಬಗ್ಗಿ ಕೇಳಿದ, "ಎಂತ ಬೇಕಿತ್ ಅಜ್ಜಯ್ಯ?"

"ಪಾಯಸ," ಅಂದೆ.

ಮಜ್ಜಿಗೆ ಆದ ಮೇಲೆ ಪಾಯಸ! ಅಡುಗೆಯವನಾಗಿ ನಾನೇ ಇಂಥವರನ್ನು ಬೈದದ್ದುಂಟು. ಮೂರು ಸೌಟು ಇಳಿಸಿದೆ. ಕಾಲು ಅಲುಗಲಿಲ್ಲ. ಹೋಳಿಗೆ ಅಂದೆ. ಒಂದು. ಎರಡು. ನಾಲ್ಕನೆಯದಕ್ಕೆ ಆ ತುದಿಯಿಂದ ಯಾರೋ "ಹರಹರ ಮಹಾದೇವ!" ಅಂದರು. ಏಳನೆಯದಕ್ಕೆ ಇಡೀ ಪಂಕ್ತಿ ಹೇಳಿತು. ಹೆಂಗಸರು ಅಡುಗೆಮನೆಯಿಂದ ಇಣುಕಿ ನೋಡಿದರು. ಎರಡನೇ ಎಲೆಯಲ್ಲಿ ಕೂತ ಚಿಕ್ಕಪ್ಪನ ಮಗ ಶ್ರೀರಾಮ, ನನಗಿಂತ ಒಂದೂವರೆ ವರ್ಷ ಕಿರಿಯ, ಪೂಜೆ ಭಟ್ಟ, ಮೆಲ್ಲ ಕೇಳಿದ, "ಅಣ್ಣಯ್ಯ, ನಲ್ವತ್ತೈದ್ ವರ್ಷದ್ ಹಸ್ವ್ ಎಲ್ಲ ಇವತ್ತೇ ತೀರ್ಸ್ತ್ರ್ಯಾ?"

"ಬಾಯ್ ಮುಚ್ಚ್. ಕಾಲ್ ಬತ್ತಿಲ್ಲೆ."

ಅವನು ನಕ್ಕ ನಗೆ! ಇಬ್ಬರನ್ನು ಕರೆದು ಕಂಕುಳಿಗೆ ಕೈ ಕೊಡಿಸಿ ನನ್ನನ್ನು ಹಲಸಿನ ಹಣ್ಣಿನ ಹಾಗೆ ಎತ್ತಿಸಿದ. ನೂರಿಪ್ಪತ್ತು ಜನ ಒಟ್ಟಿಗೆ ಉಸಿರು ಬಿಟ್ಟು ಎದ್ದರು. ಕೈ ತೊಳೆಯುವಲ್ಲಿ ಎಲ್ಲರೆದುರು ಹೇಳಿದ, "ಬಪ್ಪ ವರ್ಷ ಕೂಕಂಬುಕೆ ಆತಿಲ್ಲೆ ಅಂದ್ರೆ ಹೇಳಿ ಅಣ್ಣಯ್ಯ. ಮೊದಲ್ನೇ ಎಲೆಗೆ ನಾನಿದ್ದೆ."

ನೀನಿರು. ಬರುವ ವರ್ಷವೂ ನೆಲದ ಮೇಲೆ ಮೊದಲನೇ ಎಲೆ ನನ್ನದೇ. ಬರೆದಿಟ್ಟಿದ್ದೇನೆ.

ಏಪ್ರಿಲ್ ೨೬

ನೋವು: ಎಂಟು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎಲುಬುಗಳ ನಡುವಿನ ಮೆತ್ತೆ ಸವೆದಿದೆ ಅಂದರು. ನನಗೆ ಕೂಡಲೇ ತಿಳಿಯಿತು. ಅರೆಯುವ ಕಲ್ಲಿಗೆ ಅಕ್ಕಿ ಹಾಕದೆ ತಿರುಗಿಸಿದ ಹಾಗೆ. ಐವತ್ತು ವರ್ಷ ಒಲೆಯೆದುರು ಕುಕ್ಕರುಗಾಲಲ್ಲಿ ಕೂತದ್ದರ ಫಲವಾ ಅಂತ ಕೇಳಿದೆ. ಅದೂ ಇರಬಹುದು, ವಯಸ್ಸೂ ಇದೆ, ತೂಕವೂ ಇದೆ ಅಂದರು. ಎಂಬತ್ತಾರು ಕೆ.ಜಿ. ಹತ್ತು ಇಳಿಸಬೇಕಂತೆ. ಆಪರೇಷನ್ ಮಾತು ಈಗ ಬೇಡ, ಮೊದಲು ವ್ಯಾಯಾಮ, ನೋವು ಜೋರಾದರೆ ಮಾತ್ರೆ, ನಡೆಯುವಾಗ ಎಡಗೈಯಲ್ಲಿ ಕೋಲು.

ನೋವು ಬಲಗಾಲಿಗೆ, ಕೋಲು ಎಡಗೈಗೆ! ಇವರು ಓದಿ ಪಾಸಾದವರೇ ಹೌದಾ ಅಂತ ಹೊರಗೆ ಬಂದು ಯಾಮಿನಿಯನ್ನು ಕೇಳಿದೆ. ಅವಳು ನನ್ನನ್ನೇ ಗದರಿದಳು. ಮನೆಗೆ ಬಂದು ಹಟಕ್ಕೆ ಬಲಗೈಯಲ್ಲೇ ಹಿಡಿದು ಹೊರಟೆ. ಅಂಗಳ ದಾಟುವಷ್ಟರಲ್ಲಿ ಎಡಗೈಗೆ ಬದಲಿಸಿದೆ. ಯಾರೂ ನೋಡಲಿಲ್ಲ.

ಮೇ ೩೦

ನೋವು: ಏಳು. ಸಿಟ್ಟು: ಹತ್ತು.

ಟವೆಲು ಸುತ್ತಿ ಮೊಣಕಾಲಡಿಗೆ ಇಟ್ಟು ಒತ್ತಬೇಕು, ಹತ್ತು ಎಣಿಸಬೇಕು, ಬಿಡಬೇಕು. ಕುರ್ಚಿಯಲ್ಲಿ ಕೂತು ಕಾಲು ನೆಟ್ಟಗೆ ಮಾಡಬೇಕು, ಹತ್ತು ಎಣಿಸಬೇಕು. ಇದೂ ಒಂದು ಮದ್ದಾ? ಸುಗುಣಾ ಎದುರು ಕೂತು ಎಣಿಸುತ್ತಾಳೆ. ಏಳರ ನಂತರ ಅವಳು ಬೇಕಂತಲೇ ನಿಧಾನ ಮಾಡುತ್ತಾಳೆ. "ಏಳೂ... ಎಂಟೂ... ಹ್ವಾಯ್, ಕಾಲ್ ಕೆಳ್ಗ್ ಹೋಯ್ತ್, ಮತ್ತೆ ಒಂದ್ರಿಂದ."

ಊರಿನವರದ್ದು ಬೇರೆ. ದಾರಿಯಲ್ಲಿ ಸಿಕ್ಕಿದವರೆಲ್ಲ ವೈದ್ಯರು. ಒಬ್ಬ ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿ ಅಂದ. ಕಟ್ಟಿದೆ. ಬೆಚ್ಚಗೆ ಹಿತವಾಯಿತು, ಬಿಚ್ಚಿದ ಕೂಡಲೇ ನೋವು ಅಲ್ಲೇ ಕೂತಿತ್ತು. ಊರಿಗೆಲ್ಲ ಹೊಟ್ಟೆ ತುಂಬ ಬಡಿಸಿದವನಿಗೆ ಬೆಳಿಗ್ಗೆ ಒಂದೇ ದೋಸೆ. ಚಟ್ನಿಗೆ ಕಾಯಿಯೂ ಕಡಿಮೆ. ಇದು ಚಟ್ನಿಯಾ ನೀರಾ ಅಂತ ಕೇಳಿದರೆ ಸುಗುಣಾ, ಯಾಮಿನಿಗೆ ಫೋನು ಮಾಡುತ್ತೇನೆ ಅಂತ ಹೆದರಿಸುತ್ತಾಳೆ.

ಜುಲೈ ೧೮

ನೋವು: ನಾಲ್ಕು. ಯಾಮಿನಿಗೆ ಐದು ಅಂದೆ. ಅವಳು ಹೆಚ್ಚು ಹಿಗ್ಗುವುದು ಬೇಡ.

ತೂಕ ಎಪ್ಪತ್ತೊಂಬತ್ತು. ಟವೆಲಿಗೆ ಬೈದದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ದಿನಕ್ಕೆ ಎರಡು ಸಲ ಅಂದದ್ದನ್ನು ಮೂರು ಸಲ ಮಾಡುತ್ತಿದ್ದೇನೆ.

ಸೆಪ್ಟೆಂಬರ್ ೨೧

ನೋವು: ಮೊನ್ನೆಯವರೆಗೆ ನಾಲ್ಕು. ಇವತ್ತು ಒಂಬತ್ತು. ತಪ್ಪು ನನ್ನದೇ, ಇಲ್ಲಿ ಮಾತ್ರ ಹೇಳುತ್ತೇನೆ.

ಸುಗುಣಾ ಸಾಲಿಗ್ರಾಮದ ದೇವಸ್ಥಾನಕ್ಕೆ ಹೋಗಿದ್ದಳು. ಮನೆಯಲ್ಲಿ ಯಾರೂ ಇಲ್ಲ. ಒಂದು ರಿಹರ್ಸಲ್ ಮಾಡುವ ಅಂತ ಹಿತ್ತಿಲಿನಿಂದ ಬಾಳೆಲೆ ಕೊಯ್ದು ತಂದು ಅಡುಗೆಮನೆಯಲ್ಲಿ ಹಾಸಿ, ಎದುರು ಕೂತೆ. ಕೂರುವುದು ಚಂದ ಬಂತು. ಖಾಲಿ ಎಲೆಗೆ ಗೋವಿಂದ ಹೇಳಿದೆ. ಏಳುವುದು ಬರಲಿಲ್ಲ. ಹತ್ತು ಗಂಟೆಗೆ ಕೂತವ ಹನ್ನೆರಡೂವರೆಯವರೆಗೆ ಕೂತೆ. ಕಿಟಕಿಯಲ್ಲಿ ಕಾಗೆ ಬಂದು ನೋಡಿ, ನನ್ನ ಎಲೆಯಲ್ಲಿ ಏನೂ ಇಲ್ಲ ಅಂತ ಬೇರೆ ಮನೆಗೆ ಹೋಯಿತು.

ಸುಗುಣಾ ಬಂದಳು. ಎಲೆಯೆದುರು ಕೂತವನನ್ನು ನೋಡಿದಳು. "ಎಂತ, ಊಟಕ್ಕ್ ಅಷ್ಟ್ ಅವಸರವಾ?" ಅಂತ ಸೀರೆ ಕೂಡ ಬದಲಿಸದೆ ಅನ್ನ, ಸಾರು ಬಡಿಸಿಯೇಬಿಟ್ಟಳು. ನಾನು ಉಂಡೆ. ಮಜ್ಜಿಗೆಯೂ ಆಯಿತು. ಆಮೇಲೆ ಹೇಳಿದೆ, "ಸುಗುಣಾ, ಸ್ವಲ್ಪ ಎತ್ತ್." ಅವಳು ಹಿಂದಿನಿಂದ ಎಳೆದಳು, ನಾನು ಎದುರಿನಿಂದ ಒಲೆಕಟ್ಟೆ ಹಿಡಿದೆ, ಇಬ್ಬರೂ ಒಟ್ಟಿಗೆ ಹಿಂದಕ್ಕೆ ಬಿದ್ದೆವು. ಬಿದ್ದಲ್ಲೇ ಅವಳಿಗೆ ನಗೆ ಹತ್ತಿತು. ನಿಲ್ಲಲಿಲ್ಲ. ನನಗೂ ಬಂತು. ಪಕ್ಕದ ಮನೆಯವರು ಬಂದು ಎತ್ತುವಾಗಲೂ ನಗುತ್ತಿದ್ದೆವು. ನಮಗೆ ಏನೋ ಆಗಿದೆ ಅಂತ ಅವರು ತಿಳಿದಿರಬೇಕು.

ಮೊಣಕಾಲು ತೆಂಗಿನಕಾಯಿಯಷ್ಟು ಊದಿದೆ.

ಸೆಪ್ಟೆಂಬರ್ ೩೦

ಡಾಕ್ಟರು ನೀರು ಎಳೆದು ತೆಗೆದು ಗಂಟಿಗೇ ಒಂದು ಇಂಜೆಕ್ಷನ್ ಕೊಟ್ಟರು. ಇದು ಸ್ವಲ್ಪ ದಿನದ ಆರಾಮ, ಗುಣ ಅಲ್ಲ ಅಂದರು. ನೋವು ಎರಡು. ಎರಡು! ನಾನು ಕೇಳಿಸಿಕೊಂಡದ್ದು 'ಆರಾಮ' ಅಂದದ್ದನ್ನು ಮಾತ್ರ.

ನವೆಂಬರ್ ೨೫

ನೋವು: ಎಂಟು, ಕೂತರೂ.

ಇಂಜೆಕ್ಷನ್ ಖರ್ಚಾಯಿತು. ಸಾಲಿಗ್ರಾಮದಲ್ಲಿ ಬಸ್ಸು ಹತ್ತುವಾಗ ಮೆಟ್ಟಿಲ ಮೇಲೆ ಎಡಗಾಲು ಇಟ್ಟೆ, ಬಲಗಾಲು ರಸ್ತೆಯಲ್ಲೇ ಉಳಿಯಿತು. ಕಂಡಕ್ಟರ್ ಹಿಂದಿನಿಂದ ದೂಡಿದ, ಒಳಗಿನಿಂದ ಒಬ್ಬಳು ಕಾಲೇಜು ಹುಡುಗಿ ಎಳೆದಳು. "ಅಜ್ಜಯ್ಯಂಗೆ ಒಂದ್ ಸೀಟ್ ಬಿಡಿ, ಆ ಮೂಟೆ ಆಚೆ ಇಡಿ," ಅಂದ. ಮೂಟೆ ಅಂದದ್ದು ನನಗಾ, ಅಕ್ಕಿಯದಕ್ಕಾ ಅಂತ ಬ್ರಹ್ಮಾವರದವರೆಗೂ ಯೋಚಿಸಿದೆ.

ಡಾಕ್ಟರು ಹೊಸ ಎಕ್ಸ್‌ರೇ ನೋಡಿ, ಇನ್ನು ಗಂಟು ಬದಲಿಸುವುದು ಒಳ್ಳೆಯದು ಅಂದರು. ಸವೆದ ತುದಿ ಕೊಯ್ದು ಲೋಹದ್ದು ಹಾಕುವುದು, ನಡುವೆ ಗಟ್ಟಿ ಪ್ಲಾಸ್ಟಿಕ್. ಹದಿನೈದು ಇಪ್ಪತ್ತು ವರ್ಷ ಬರುತ್ತದಂತೆ. ನನಗಿಂತ ಹೆಚ್ಚು.

"ಮತ್ತೆ ನೆಲದ್ ಮೇಲೆ ಕೂಕಂಬ್ಲಕ್ಕಾ?" ಅಂತ ಕೇಳಿದೆ.

"ಅದು ಬೇಡ ಅಜ್ಜ. ನಡೆಯಿರಿ, ಮೆಟ್ಟಿಲು ಹತ್ತಿ, ಎಲ್ಲಿಗೆ ಬೇಕಾದರೂ ಹೋಗಿ. ನೆಲಕ್ಕೆ ಕೂರುವುದು, ಕುಕ್ಕರುಗಾಲು ಬಿಡಬೇಕು."

"ಹಾಂಗಾರೆ ನಂಗೆ ಬ್ಯಾಡ," ಅಂತ ಎದ್ದೆ. ಎದ್ದೆ ಅಂದರೆ, ಯಾಮಿನಿ ಎಬ್ಬಿಸಿದಳು.

ಡಿಸೆಂಬರ್ ೩

ಆಯಿತು ಅಂದೆ. ಸುಗುಣಾ ಕಾರಣ.

ಎಂಟು ದಿನ ಅವಳೊಟ್ಟಿಗೆ ಮಾತು ಬಿಟ್ಟಿದ್ದೆ. ಮೊದಲನೇ ಎಲೆ ಶ್ರೀರಾಮನಿಗೆ ಬರೆದುಕೊಡಬೇಕಾ ಅಂತ ಕೂಗಾಡಿದ್ದೆ. ಇವತ್ತು ಅವಳು ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತು ಹೇಳಿದಳು, "ನಿಮ್ಮೊಟ್ಟಿಗೆ ದೇವಸ್ಥಾನಕ್ಕ್ ನಡ್ಕಂಡ್ ಹೋಗ್ದೆ ಎರ್ಡ್ ವರ್ಷ ಆಯ್ತ್. ಎಲೆ ಎದ್ರ್ ಕೂಕಂಬುದ್ ವರ್ಷಕ್ಕೆ ಒಂದ್ ಗಳಿಗೆ. ಉಳ್ದ ದಿನ ನಾನ್ ಒಬ್ಳೇ ಹೋಪುದಾ?" ಹೇಳಿ, ಉತ್ತರಕ್ಕೂ ಕಾಯದೆ, ಒಬ್ಬಳೇ ಹೋದಳು.

ಡಾಕ್ಟರು ಬೇಡ ಅಂದರು ಅಂತ ಕೂರಲು ಆಗುವುದೇ ಇಲ್ಲ ಅಂತಲ್ಲ. ಸಮಾರಾಧನೆಗೆ ನಾಲ್ಕು ತಿಂಗಳಿದೆ. ನೋಡುವ.

ಡಿಸೆಂಬರ್ ೨೧

ಹೊಸ ಗಂಟು! ಬಲಗಾಲಿಗೆ! ಮೊನ್ನೆ ಹಾಕಿದರು!

ಬೆನ್ನಿಗೆ ಸೂಜಿ ಕೊಟ್ಟು ಸೊಂಟದಿಂದ ಕೆಳಗಿನದ್ದು ನನ್ನದಲ್ಲ ಅನ್ನುವ ಹಾಗೆ ಮಾಡಿದರು. ಎದುರು ಪರದೆ. ಆಚೆ ಗರಗಸ, ಸುತ್ತಿಗೆ. ಟಕ್ ಟಕ್ ಟಕ್.

"ಡಾಕ್ಟ್ರೇ, ಇದ್ ಆಚಾರಿ ಕೆಲ್ಸವಾ?"

"ಹೌದು ಅಜ್ಜ, ಬಾಗಿಲಿಗೆ ಹೊಸ ಬಿಜಾಗ್ರಿ."

"ಎಣ್ಣೆ ಹಾಕಿ ಮಾರಾಯ್ರೆ, ಕೂಗ್ಬಾರ್ದ್." ಪರದೆಯ ಆಚೆ ಎಲ್ಲರೂ ನಕ್ಕರು. ನಗುವಾಗ ಸುತ್ತಿಗೆ ನಿಲ್ಲಿಸಿ ಅಂತ ಬೈದೆ.

ಮಾರನೇ ದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ನೋವು ಇತ್ತು, ಯಾರು ಇಲ್ಲ ಅಂದದ್ದು? ಕಾಲೊಳಗೆ ಹಲಸಿನ ಹಣ್ಣು ಇಟ್ಟು ಹೊಲಿದ ಹಾಗೆ ಭಾರ. ಆದರೆ ಅದು ಕೊಯ್ದ ನೋವು. ಹಳೆಯ ಆ ಅರೆಯುವ ನೋವು ಇಲ್ಲ. ಇಲ್ಲವೇ ಇಲ್ಲ! ಹುಡುಕಿ ನೋಡಿದೆ. ನಾಲ್ಕು ಹೆಜ್ಜೆ ಹೋಗಿ, ಸುಗುಣಾ ಕೂತಲ್ಲಿಗೆ ಮುಟ್ಟಿ, ಅವಳ ತಲೆಗೆ ಕೈ ಇಟ್ಟು ತಿರುಗಿದೆ. ನರ್ಸು ಚಪ್ಪಾಳೆ ಹೊಡೆದಳು. ಸುಗುಣಾ ಅತ್ತಳು. ನಾನು ಊಟ ಯಾವಾಗ ಅಂತ ಕೇಳಿದೆ.

ಜನವರಿ ೧೬

ಯಾಮಿನಿ ಕೋನ ಅಳೆಯುವ ಪಟ್ಟಿ ಹಿಡಿದು ಕಾಲು ಎಷ್ಟು ಮಡಚುತ್ತದೆ ನೋಡುತ್ತಾಳೆ. ಶಾಲೆಯಲ್ಲಿ ಕೋನ ಕಲಿಸುವ ಮೊದಲೇ ನಾನು ಶಾಲೆ ಬಿಟ್ಟಾಗಿತ್ತು. ಈಗ ಕಲಿತೆ, ನನ್ನ ಕಾಲಿನಲ್ಲೇ. ತೊಂಬತ್ತು ಅಂದರೆ ಕುರ್ಚಿ. ನೂರು ದಾಟಿದರೆ ಮೆಟ್ಟಿಲು ಇಳಿಯಲು ಸುಖ.

ಅವಳ ಕ್ಲಿನಿಕ್ಕಿನಲ್ಲಿ ಪಕ್ಕದ ಮಂಚದಲ್ಲಿ ವ್ಯಾಯಾಮ ಮಾಡುವವಳು ವನಜ ಶೆಡ್ತಿ. ಬೈಂದೂರಿನವಳು, ಎಪ್ಪತ್ತೆರಡು, ಹೋಟೆಲು ನಡೆಸಿದವಳು, ನನ್ನದೇ ವಾರದಲ್ಲಿ ಆಪರೇಷನ್ ಆದವಳು. ಈಗ ಬ್ರಹ್ಮಾವರದಲ್ಲಿ ಮಗಳ ಮನೆಯಲ್ಲಿದ್ದಾಳೆ.

"ಭಟ್ರೆ, ನಿಮ್ದ್ ಎಷ್ಟ್?"

"ತೊಂಬತ್ತೆರಡು."

"ನಂದ್ ನೂರಾ ಮೂರ್. ನಿಮ್ಗ್ ಉಪ್ಪು ಖಾರ ಸಾಲ್ದ್, ಅದ್ಕೇ ಮಡ್ಚುದಿಲ್ಲೆ."

ನಲವತ್ತೈದು ವರ್ಷದ ಅಡುಗೆಯವನಿಗೆ ಉಪ್ಪು ಖಾರ ಸಾಲದು ಅಂದಳು! ಆ ಸಿಟ್ಟಿಗೆ ತೊಂಬತ್ತೆಂಟು ಮಡಚಿತು. ಯಾಮಿನಿ ಇನ್ನು ಮೇಲೆ ನಮ್ಮಿಬ್ಬರಿಗೂ ಒಂದೇ ಹೊತ್ತು ಕೊಟ್ಟಿದ್ದಾಳೆ. ಕೊನೆಯಲ್ಲಿ ಅಳುತ್ತ ಅಳುತ್ತ ಇಬ್ಬರೂ ನಗುತ್ತೇವೆ.

ಫೆಬ್ರವರಿ ೨೪

ನೂರಾ ಹದಿನಾಲ್ಕು. ವನಜಕ್ಕನದ್ದು ನೂರಾ ಹನ್ನೆರಡು. ಸೋತವಳು ಚಾ ಕುಡಿಸಿದಳು.

ಕೋಲು ಮೂಲೆಯಲ್ಲಿದೆ. ಬೆಳಿಗ್ಗೆ ಸುಗುಣಾಳೊಟ್ಟಿಗೆ ಸಾಲಿಗ್ರಾಮ. ಅವಳು ನಿಧಾನ ಮಾರಾಯ್ರೆ, ಕಾಯಬೇಕಾಗುತ್ತದೆ. ಮೊನ್ನೆ ಪಡುಕರೆಯಲ್ಲಿ ಸಮುದ್ರದ ಬದಿ ನಡೆದೆವು, ಗಟ್ಟಿ ಮರಳಿನಲ್ಲಿ. ನಿನ್ನೆ ಕುಂದಾಪುರಕ್ಕೆ ಹೋದವರು ಸುಮ್ಮನೆ ಬೈಂದೂರು ಬಸ್ಸು ಹತ್ತಿ, ಇಳಿದು, ಒಂದೊಂದು ನಿಂಬೆ ಶರಬತ್ತು ಕುಡಿದು, ಮತ್ತೆ ಹತ್ತಿ ಬಂದೆವು. ಬೈಂದೂರಿನಲ್ಲಿ ಎಂತ ಕೆಲಸ ಇತ್ತು ಅಂತ ಪಕ್ಕದ ಸೀಟಿನವ ಕೇಳಿದ. ಬಸ್ಸಿನ ಮೆಟ್ಟಿಲು ಹತ್ತುವ ಕೆಲಸ ಅಂದೆ. ಅವನು ಕಿಟಕಿಯ ಕಡೆ ಸರಿದು ಕೂತ.

ಮಾರ್ಚ್ ೨೯

ಶ್ರೀರಾಮ ಬಂದಿದ್ದ. ಏಪ್ರಿಲ್ ಹನ್ನೆರಡಕ್ಕೆ ಸಮಾರಾಧನೆ, ಬನ್ನಿ ಅಂದ. ಆಮೇಲೆ ಮೆಲ್ಲ, "ಅಣ್ಣಯ್ಯ, ನಿಮ್ಗೆ ಮೂಲೆಯಂಗೆ ಒಂದ್ ಮೇಜ್ ಹಾಕ್ಸಿದ್ದೆ. ಕುಶನ್ ಕುರ್ಚಿ."

"ಮೊದಲ್ನೇ ಎಲೆ?"

"ಮೇಜಿಗೆ ಎಂತ ಮೊದಲ್ನೇದ್, ಎರ್ಡ್ನೇದ್ ಅಣ್ಣಯ್ಯ? ಪಂಕ್ತಿ ಅಂದ್ರೆ ನೆಲ."

ಅವನ ಚಾ ಲೋಟ ಕಸಿದುಕೊಂಡೆ. ಅರ್ಧ ಕುಡಿದಿದ್ದ. ಹಿರಿಯ ಎಲ್ಲಿ ಕೂತನೋ ಅಲ್ಲಿಂದ ಪಂಕ್ತಿ ಶುರು, ಮಾಡಿನ ಮೇಲೆ ಕೂತರೆ ಮಾಡಿನಿಂದ ಶುರು ಅಂದೆ. ಹಾಗೆ ಯಾವ ಶಾಸ್ತ್ರದಲ್ಲಿದೆ ಅಂದ. ನನ್ನ ಶಾಸ್ತ್ರದಲ್ಲಿ ಅಂದೆ. ಅವನು ಹೋದ ಮೇಲೆ ನೆಲವನ್ನೇ ನೋಡುತ್ತ ನಿಂತೆ. ಕೂತು ನೋಡಿಬಿಡುವ ಅನಿಸಿತು. ಮಂಚ ಹಿಡಿದು ಅರ್ಧಕ್ಕೆ ಬಗ್ಗಿಯೂ ಬಗ್ಗಿದೆ. ಸುಗುಣಾ ಒಳಗಿನಿಂದ "ನಾಳೆ ದೇವಸ್ಥಾನಕ್ಕೆ ಆರ್ ಗಂಟಿಗೇ ಹೊರಡುವನಾ?" ಅಂದಳು. ನೆಟ್ಟಗಾದೆ.

ಹೋಗುವುದೇ ಇಲ್ಲ ಸಮಾರಾಧನೆಗೆ. ಮೂಲೆಯ ಮೇಜಂತೆ!

ಏಪ್ರಿಲ್ ೧೨

ಹೋದೆ.

ಬಸ್‌ಸ್ಟಾಪಿನಿಂದ ಮೂಲಮನೆಗೆ ನಡೆದೇ ಹೋದೆವು. ಮೂಲೆಯಲ್ಲಿ ಮೇಜು, ಬಿಳಿ ಕಾಗದ ಹಾಸಿದ್ದು, ಆಸ್ಪತ್ರೆಯ ಹಾಗೆ. ನೆಲದಲ್ಲಿ ಎಲೆಗಳ ಸಾಲು. ಮೋರೆ ಗಂಟು ಹಾಕಿಕೊಂಡು ಕುರ್ಚಿಯಲ್ಲಿ ಕೂತೆ.

ಈ ಸಲ ಅಡುಗೆ, ಬಡಿಸುವುದು ಎಲ್ಲ ಕೇಟರಿಂಗ್. ಕಪ್ಪು ಟೀಶರ್ಟಿನ ಮೀಸೆಯವನೊಬ್ಬ ಉಪ್ಪು ತಂದ. ಎಲೆಯ ನಡುವೆ ಹಾಕಿದ. ನಡುವೆ! ಅನ್ನ ಬೀಳುವ ಜಾಗಕ್ಕೆ! ಮುಂದಿನ ಎಲೆಗೂ ನಡುವೆ.

"ಹ್ವಾಯ್! ಎಡತುದಿಗೆ! ಉಪ್ಪು ಎಡತುದಿಗೆ!"

ಅವನಿಗೆ ಕೇಳಲಿಲ್ಲ. ಎರಡನೇ ಸಲ ಕೂಗುವಾಗ ನಾನು ಅವನ ಪಕ್ಕದಲ್ಲೇ ಇದ್ದೆ. ಉಪ್ಪಿನ ಬಟ್ಟಲು ನನ್ನ ಕೈಯಲ್ಲಿತ್ತು. ಶಾಲೆ ಬಿಟ್ಟ ವರ್ಷ ನನಗೆ ಮೊದಲು ಕೊಟ್ಟ ಕೆಲಸ ಉಪ್ಪು ಬಡಿಸುವುದು. ಹನ್ನೊಂದು ವರ್ಷದವನಿಗೆ ಬಂದದ್ದು ಇವನಿಗೆ ಬರುವುದಿಲ್ಲ! ಈ ತುದಿಯಿಂದ ಆ ತುದಿಯವರೆಗೆ ಸರಿ ಮಾಡಿದೆ. ಅಷ್ಟರಲ್ಲಿ ಇನ್ನೊಬ್ಬ ಕೋಸಂಬರಿಯನ್ನು ಗೊಬ್ಬರ ಹಾಕುವ ಹಾಗೆ ಹಾಕುತ್ತಿದ್ದ. ಅವನಿಗೂ ತೋರಿಸಿದೆ. ಅನ್ನ, ತೊವ್ವೆ ಆಯಿತು. ತುಪ್ಪದ ಗಿಂಡಿ ಯಾರಿಗೂ ಕೊಡಲಿಲ್ಲ, ನಾನೇ ಹಿಡಿದೆ. ಕೊನೆಯ ಎಲೆಗೆ ಹನಿಸುವಾಗ ಯಾರೋ, "ಅಣ್ಣಯ್ಯ, ಗೋವಿಂದ ಹೇಳಿ ಮಾರಾಯ್ರೆ, ಹಸ್ವ್!" ಅಂದರು. ಎಲ್ಲರೂ ಕೈ ಕಟ್ಟಿ ನನ್ನನ್ನೇ ನೋಡುತ್ತಿದ್ದರು. ಗಿಂಡಿ ಹಿಡಿದು ನಿಂತಲ್ಲೇ ಹೇಳಿದೆ. ನಿಂತು ಹೇಳಿದರೆ ಸ್ವರ ಎಷ್ಟು ಏಳುತ್ತದೆ! ಮಾಡಿನ ಪಾರಿವಾಳ ಹಾರಿದವು.

"ಮಾವ, ಸೊಂಟದಿಂದ ಬಗ್ಗಿ! ಭಾರ ಎತ್ತ್‌ಬೇಡಿ!" ಯಾಮಿನಿ ಹೆಂಗಸರ ಸಾಲಿನಿಂದ ಕೂಗಿದಳು. ಸಣ್ಣ ಬಕೆಟಿನಲ್ಲಿ ಪಾಯಸ ಹಿಡಿದೆ, ಮೂರು ಸುತ್ತು. ಬೇಡ ಅಂತ ಎಲೆಗೆ ಕೈ ಅಡ್ಡ ಇಟ್ಟವರ ಬೆರಳ ಸಂದಿಗೂ ಹಾಕಿದೆ. "ಅಣ್ಣಯ್ಯ, ಕಾಲ್ ಎಲ್ ತಕಂಡ್ರಿ? ನಂಗೂ ಒಂದ್ ಜೋಡಿ ಬೇಕಿತ್," ಅಂದ ಒಬ್ಬ. "ಮೊದ್ಲ್ ದೋಸೆ ಕಮ್ಮಿ ಮಾಡ್, ಟವೆಲ್ ಒತ್ತ್. ಅದ್ರಂಗೆ ಆಪುದಿಲ್ಲೆ ಅಂದ್ರೆ ಆಚಾರಿ ಹತ್ರ ಹೋಪ," ಅಂದೆ. ಹೋಳಿಗೆ ಬಂತು, ಉಣ್ಣುತ್ತ ಹೇಳುವ ಚೂರ್ಣಿಕೆ ಬಂತು, ಹರಹರ ಮಹಾದೇವಕ್ಕೆ ಗೋಡೆ ನಡುಗಿತು. ಪಂಕ್ತಿ ಯಾವಾಗ ಎದ್ದಿತೋ, ಎರಡನೇ ಪಂಕ್ತಿ ಯಾವಾಗ ಕೂತಿತೋ.

ಸಂಜೆ ಕಾಲು ಊದಿದೆ. ಯಾಮಿನಿ ಬಸ್ಸಿನಲ್ಲಿ ಸಾಲಿಗ್ರಾಮದವರೆಗೂ ಬೈದಳು, ಮನೆಗೆ ಬಂದು ಐಸು ಇಟ್ಟು ಮತ್ತೆ ಬೈದಳು. ಆ ಮೀಸೆಯವ ಫೋನು ಮಾಡಿದ್ದ, ಹೆಸರು ಮಿಥುನ್ ಅಂತೆ. ಮುಂದಿನ ವಾರ ಬ್ರಹ್ಮಾವರದಲ್ಲಿ ಒಂದು ಹೊಸಮನೆಯ ಒಕ್ಕಲು, ಬಂದು ನಿಂತು ಹೇಳಿಕೊಡುತ್ತೀರಾ ಅಂತ ಕೇಳಿದ. ನಿಲ್ಲುವುದಕ್ಕೆ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತೇನೆ ಅಂದೆ.

ಊಟ ಆದದ್ದು ನಾಲ್ಕು ಗಂಟೆಗೆ, ಬಡಿಸಿದವರೊಟ್ಟಿಗೆ, ಅಡುಗೆಮನೆಯ ಬೆಂಚಿನಲ್ಲಿ. ಪಾಯಸದಲ್ಲಿ ಏಲಕ್ಕಿ ಕಡಿಮೆ, ಆದರೂ ಎರಡು ಸಲ ಹಾಕಿಸಿಕೊಂಡೆ.

ಈಗ ಸುಗುಣಾ ಐಸಿನ ಬಟ್ಟೆ ಬದಲಿಸುತ್ತ ಕೇಳಿದಳು, "ಹ್ವಾಯ್, ಕಡೆಗೆ ಮೊದಲ್ನೇ ಎಲೆಗೆ ಯಾರ್ ಕೂಕಂಡ್ರ್?"

"ಕಾಣ್ಲಿಲ್ಲೆ ಮಾರಾಯ್ತಿ. ಪಾಯಸ ಆರ್ತಿತ್ತ್."